ಕೋಳಿ ಗೂಡಿಗೆ ಕಾವು ಬೇಕು, ಕಿಚ್ಚು ಬೇಡ



ಮಾಗಿ ಚಳಿ ಬಿದ್ದಿದೆ. ಕಣದಲ್ಲಿ ಕಾಫಿ ಹರಡಿದೆ, ಚಪ್ಪರದ ಮೇಲೆ ಅಡಿಕೆ ಒಣಗುತ್ತಿದೆ. ಮನೆಯ ಸುತ್ತ ಎಲ್ಲಿ ನೋಡಿದರೂ ಗೋಣಿಚೀಲ, ಸೋಗೆ, ಸಿಪ್ಪೆ, ಹೊಟ್ಟು, ಕಟ್ಟಿಗೆ. ವರ್ಷದ ದುಡಿಮೆಯೆಲ್ಲ ಅಂಗಳಕ್ಕೆ ಬಂದು ಕುಳಿತಿರುವ ಕಾಲವಿದು. ಸರಿಯಾಗಿ ಇದೇ ಕಾಲದಲ್ಲಿ ಹಿತ್ತಲಿನ ಕೋಳಿ ಗೂಡಿನೊಳಗೆ ಬಲ್ಬು ಹೋಗುತ್ತದೆ. ಕೆಲವರ ಮನೆಯಲ್ಲಿ ಕೆಂಡದ ಬೋಗುಣಿಯೂ ಹೋಗುತ್ತದೆ.

ಹೋದ ವಾರ ಸಂಘದ ಕಚೇರಿಗೆ ಗೊಬ್ಬರದ ಲೆಕ್ಕ ಕೇಳಲು ಬಂದಿದ್ದ ಸದಸ್ಯರೊಬ್ಬರು ಹೊರಡುವಾಗ ಬಾಗಿಲಲ್ಲಿ ನಿಂತು, “ಸೆಕ್ರೆಟರಿಗಳೇ, ಕೋಳಿ ಮರಿಗೆ 250 ವಾಟಿನ ಕೆಂಪು ಬಲ್ಬು ತಂದಿದ್ದೇನೆ, ಅಡಿಕೆ ಮನೆಯ ಮೂಲೆಯಲ್ಲಿ ತೂಗುಹಾಕಬಹುದಲ್ಲ?” ಎಂದು ಕೇಳಿದರು. ಅವರನ್ನು ಮತ್ತೆ ಒಳಗೆ ಕರೆದು ಕೂರಿಸಿ, ಅರ್ಧ ಗಂಟೆ ಮಾತನಾಡಿ ಕಳುಹಿಸಿದೆ. ಆ ಮಾತು ಉಳಿದವರಿಗೂ ಬೇಕಾದೀತು ಎಂಬ ಕಾರಣಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಪುಸ್ತಕ ಓದಿ ಹೇಳುವ ಮಾತು ಇದರಲ್ಲಿ ಅರ್ಧ. ಇನ್ನರ್ಧ ಕೈ ಸುಟ್ಟುಕೊಂಡು ಕಲಿತದ್ದು.

ನಮ್ಮ ಮನೆಯಲ್ಲಿ ನಡೆದದ್ದು

2012ರ ಜನವರಿ. ನನ್ನ ಹೆಂಡತಿ 60 ಗಿರಿರಾಜ ಮರಿಗಳನ್ನು ತರಿಸಿದ್ದಳು, ಒಂದು ದಿನದ ಮರಿಗಳು. ಆ ತನಕ ನಮ್ಮಲ್ಲಿ ಇದ್ದದ್ದು ನಾಟಿ ಕೋಳಿ. ಹೇಂಟೆ ಕಾವಿಗೆ ಕೂರುತ್ತಿತ್ತು, ಮರಿ ಮಾಡುತ್ತಿತ್ತು, ರೆಕ್ಕೆಯಡಿ ಇಟ್ಟುಕೊಂಡು ಸಾಕುತ್ತಿತ್ತು, ನಮ್ಮದೇನೂ ಕೆಲಸವಿರಲಿಲ್ಲ. ಪೆಟ್ಟಿಗೆಯಲ್ಲಿ ಬಂದ ಮರಿಗಳಿಗೆ ತಾಯಿ ಇಲ್ಲ. ಆ ಕಾವನ್ನು ನಾವೇ ಕೊಡಬೇಕು.

“ಅತ್ತೆ ಇದ್ದಾಗ ಕಾವು ಕೂತ ಹೇಂಟೆ ಕೆಳಗೆ ಬಿಡ್ತಿದ್ರು. ಸ್ವಲ್ಪ ಸ್ವಲ್ಪ ಹಂಚಿ ಬಿಡೋಣ ಅಂದ್ರೆ ನೀವು ಬಲ್ಬು ಅಂತೀರಿ” ಎಂದು ಅವಳು ಹೇಳಿದಳು. ಬಿ.ಎಸ್ಸಿ. ಓದಿದ ನಾನು ಕೇಳಲಿಲ್ಲ. ಅಡಿಕೆ ಸುಲಿಯುವ ಮನೆಗೆ ತಾಗಿದ ಮಾಡಿನ ಕೆಳಗೆ ತಟ್ಟಿ ಕಟ್ಟಿ, ನಾಲ್ಕು ಇಂಚು ಕಾಫಿ ಹೊಟ್ಟು ಹಾಸಿ, ಗಾಳಿ ಬಾರದ ಹಾಗೆ ಸುತ್ತ ಗೋಣಿತಾಟು ಇಳಿಬಿಟ್ಟು, ಎರಡು ಬಲ್ಬು ತೂಗುಹಾಕಿದೆ.

ಸಂಜೆ ಹೊತ್ತಿಗೆ ವೋಲ್ಟೇಜು ಇಳಿಯಿತು. ಬಲ್ಬು ಕೆಂಪಗೆ ಮಿಣುಕುತ್ತಿತ್ತು, ಮರಿಗಳು ಚೀಂಗುಟ್ಟುತ್ತಾ ಒಂದರ ಮೇಲೊಂದು ಬಿದ್ದವು. ನಾನು ಪ್ಲಾಸ್ಟಿಕ್ ಹಗ್ಗ ಸೇರಿಸಿ ಬಲ್ಬನ್ನು ಹೊಟ್ಟಿನಿಂದ ಒಂದು ಗೇಣು ಎತ್ತರಕ್ಕೆ ಇಳಿಸಿದೆ. ಮರಿಗಳು ಸುಮ್ಮನಾದವು. ನಾನೂ ಹೋಗಿ ಮಲಗಿದೆ.

ನಡುರಾತ್ರಿ ತೋಟಗಳ ಪಂಪುಗಳೆಲ್ಲ ನಿಂತವು, ವೋಲ್ಟೇಜು ಏರಿತು. ಬಲ್ಬು ಮಾತ್ರ ನಾನು ಇಳಿಸಿದ ಜಾಗದಲ್ಲೇ ಇತ್ತು. ಬಿಸಿಗೆ ಹಗ್ಗ ಮೆತ್ತಗಾಗಿ ಜಾರಿ ಬಲ್ಬು ಹೊಟ್ಟಿನೊಳಗೆ ಕೂತಿರಬೇಕು. ಮೂರು ಗಂಟೆಗೆ ಕೊಟ್ಟಿಗೆಯಲ್ಲಿ ಕರು ಕೂಗಿದ್ದು ಕೇಳಿ ಎದ್ದೆವು. ಆಗಲೇ ಮಾಡಿಗೆ ಹತ್ತಿಕೊಂಡಿತ್ತು.

ಮರಿ ಒಂದೂ ಉಳಿಯಲಿಲ್ಲ. 11 ಮೂಟೆ ಚೆರಿ ಹೋಯಿತು. ಅಡಿಕೆ ಮನೆಯ ಅರ್ಧ ಮಾಡು ಹೋಯಿತು. ಕರುವಿನ ಹಗ್ಗ ಬಿಚ್ಚಲು ಹೋದ ಹೆಂಡತಿಯ ಬಲಗೈ ಮೊಣಕೈವರೆಗೆ ಸುಟ್ಟಿತು. ಆ ಕಲೆ ಇವತ್ತಿಗೂ ಇದೆ. ಬಡಿಸುವಾಗ ಆ ಕೈ ಕಣ್ಣೆದುರಿಗೆ ಬಂದರೆ ನನಗೆ ಆ ರಾತ್ರಿ ನೆನಪಾಗದೆ ಇರುವುದಿಲ್ಲ. ಅವಳು ಒಂದು ದಿನವೂ ಎತ್ತಿ ಆಡಿದವಳಲ್ಲ.

ಆ ರಾತ್ರಿ ನನಗೆ ಅರ್ಥವಾಗದೆ ಉಳಿದದ್ದು ಒಂದೇ: ಫ್ಯೂಸು ಏಕೆ ಹೋಗಲಿಲ್ಲ? ಆಮೇಲೆ ಯೋಚಿಸಿದರೆ ಉತ್ತರ ಸರಳ. ಫ್ಯೂಸಾಗಲಿ, ಈಗಿನ ಎಂ.ಸಿ.ಬಿ. ಆಗಲಿ ಕಡಿಯುವುದು ವೈರಿನಲ್ಲಿ ಮಿತಿಮೀರಿ ಕರೆಂಟು ಹರಿದಾಗ ಮಾತ್ರ. 100 ವಾಟಿನ ಬಲ್ಬು ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ. ಅದು ಸೂರಿನಲ್ಲಿ ತೂಗುತ್ತಿದ್ದರೂ ಅಷ್ಟೇ ಎಳೆಯುತ್ತದೆ, ಹೊಟ್ಟಿನಲ್ಲಿ ಹೂತು ಕೂತರೂ ಅಷ್ಟೇ ಎಳೆಯುತ್ತದೆ. ಫ್ಯೂಸಿನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಆದ್ದರಿಂದ “ನಮ್ಮಲ್ಲಿ ಎಂ.ಸಿ.ಬಿ. ಇದೆ, ಭಯವಿಲ್ಲ” ಎನ್ನುವ ಸದಸ್ಯರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಲ್ಬು ಹೊಟ್ಟಿಗೆ ತಾಗದಂತೆ ನೋಡಿಕೊಳ್ಳುವ ಯಂತ್ರ ಯಾವುದೂ ಇಲ್ಲ. ಅದು ನಮ್ಮ ಕೈಯಲ್ಲೇ ಇರುವ ಕೆಲಸ.

ದೊಡ್ಡ ಕೋಳಿಗೆ ದೀಪ ಬೇಕೆ?

ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳೋಣ. ಏಕೆಂದರೆ ಗೂಡಿನಲ್ಲಿ ಉರಿಯುವ ಬಲ್ಬುಗಳಲ್ಲಿ ಎಷ್ಟೋ ಬಲ್ಬುಗಳು ಬೇಡವೇ ಬೇಡ.

ನಮ್ಮ ತೋಟದಲ್ಲಿ ಹಿಂದೆ ಕೆಲಸಕ್ಕಿದ್ದ ಹಿರಿಯ ಹೆಂಗಸೊಬ್ಬರು ನನ್ನ ಬಲ್ಬು ನೋಡಿ ನಕ್ಕು ಹೇಳಿದ್ದರು: “ದೊಡ್ಡ ಕೋಳಿಗೆ ಎಂತಕ್ಕೆ ಅಯ್ಯಾ ದೀಪ? ಅದ್ರ ಮೈಮೇಲೆ ಕಂಬಳಿ ಇಲ್ವಾ?” ಮಾತು ನೂರಕ್ಕೆ ನೂರು ನಿಜ. ಕೋಳಿಯ ಮೈ ಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮಗಿಂತ ನಾಲ್ಕು ಡಿಗ್ರಿ ಹೆಚ್ಚು. ಆ ಶಾಖ ಹೊರಗೆ ಹೋಗದಂತೆ ಪುಕ್ಕದ ಹೊದಿಕೆ ಇದೆ. ಚಳಿಯಾದಾಗ ಅದು ಪುಕ್ಕ ಉಬ್ಬಿಸಿ ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಕಾಲ ಬೆರಳುಗಳನ್ನು ಎದೆಯ ಪುಕ್ಕದಡಿಗೆ ಸೇರಿಸಿ ಕೂರುತ್ತದೆ. ಮಾಗಿಯಲ್ಲಿ ನಮ್ಮ ಕಣಿವೆಗಳಲ್ಲಿ ಬೆಳಗಿನ ಜಾವ 12-13 ಡಿಗ್ರಿಗೆ ಇಳಿಯುವುದು ಹೊಸತಲ್ಲ. ಪೂರ್ತಿ ಪುಕ್ಕ ಬಂದ ಆರೋಗ್ಯವಂತ ಕೋಳಿಗೆ ಇದು ಒಂದು ಚಳಿಯೇ ಅಲ್ಲ. ಹಿಮ ಬೀಳುವ ದೇಶಗಳಲ್ಲಿಯೂ ಒಲೆಯಿಲ್ಲದ ಗೂಡಿನಲ್ಲಿ ಕೋಳಿ ಸಾಕುತ್ತಾರೆ.

ಕೋಳಿಯನ್ನು ಕಾಡುವುದು ಚಳಿಯಲ್ಲ, ಒದ್ದೆ ಮತ್ತು ಬೀಸುಗಾಳಿ. ಒದ್ದೆಯಾದ ಪುಕ್ಕದಲ್ಲಿ ಗಾಳಿ ನಿಲ್ಲುವುದಿಲ್ಲ. ನೆನೆದ ಕಂಬಳಿ ಹೊದ್ದ ಹಾಗೆ. ಹೀಗಾಗಿ ದೊಡ್ಡ ಕೋಳಿಗೆ ಬೇಕಾದದ್ದು ನಾಲ್ಕು.

ಒಂದು, ಸೋರದ ಮಾಡು ಮತ್ತು ಒಣಗಿದ ಹಾಸು. ಹಾಸನ್ನು ಕೈಯಲ್ಲಿ ಹಿಂಡಿದರೆ ಉಂಡೆ ಕಟ್ಟಬಾರದು, ಉದುರಬೇಕು.

ಎರಡು, ಮಲಗುವ ಕೋಲು. ನೆಲದಿಂದ ಎರಡು ಎರಡೂವರೆ ಅಡಿ ಎತ್ತರದಲ್ಲಿ ಎರಡು ಇಂಚು ಅಗಲದ ನಯವಾದ ರೀಪು ಅಥವಾ ಅಡಿಕೆ ದಬ್ಬೆ ಸಾಕು. ಒಂದು ಕೋಳಿಗೆ 8ರಿಂದ 10 ಇಂಚು ಜಾಗ. ಕಬ್ಬಿಣದ ಪೈಪು ಬೇಡ, ಕಾಲು ತಣ್ಣಗಾಗುತ್ತದೆ.

ಮೂರು, ಕೋಳಿ ಕೂರುವ ಮಟ್ಟದಲ್ಲಿ ಗಾಳಿ ಬೀಸಬಾರದು. ಆದರೆ ಸೂರಿನ ಕೆಳಗೆ ಗಾಳಿಯಾಡಲೇಬೇಕು. ಚಳಿಯೆಂದು ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆ ಬಿಗಿಯುವವರಿದ್ದಾರೆ. ಒಂದು ದೊಡ್ಡ ಕೋಳಿ ದಿನಕ್ಕೆ ಹೆಚ್ಚುಕಡಿಮೆ ಕಾಲು ಲೀಟರು ನೀರು ಕುಡಿಯುತ್ತದೆ. ಅದರ ಬಹುಪಾಲು ಉಸಿರಿನಲ್ಲಿ, ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಅದು ಹೋಗಲು ದಾರಿಯಿಲ್ಲದಿದ್ದರೆ ಹಾಸು ಒದ್ದೆಯಾಗಿ ಅಮೋನಿಯಾ ಏಳುತ್ತದೆ, ಕೋಳಿಗೆ ಗೊರಗೊರ ಶುರುವಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದು ಬಗ್ಗಿ ನೋಡಿ. ನಿಮ್ಮ ಕಣ್ಣು ಉರಿದರೆ ಗೂಡಿಗೆ ಬೇಕಾದದ್ದು ಬಲ್ಬಲ್ಲ, ಕಿಂಡಿ.

ನಾಲ್ಕು, ಸಂಜೆಯ ಕಾಳು. ಗೂಡಿಗೆ ಹೋಗುವ ಮುಂಚೆ ಒಂದು ಹಿಡಿ ಜೋಳವನ್ನೋ ಭತ್ತವನ್ನೋ ಎರಚಿದರೆ ರಾತ್ರಿಯಿಡೀ ಅದು ಕರಗುತ್ತಾ ಒಳಗಿನಿಂದ ಕಾವು ಕೊಡುತ್ತದೆ. ಇದಕ್ಕಿಂತ ಸುರಕ್ಷಿತವಾದ ಒಲೆ ಬೇರೆ ಇಲ್ಲ.

ಮರಿಗಳ ಲೆಕ್ಕ ಬೇರೆ

ಒಂದು ದಿನದ ಮರಿಗೆ ಇರುವುದು ತುಪ್ಪಳ, ಪುಕ್ಕವಲ್ಲ. ಮೈ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಆದ್ದರಿಂದ ಮರಿ ಇರುವ ಮಟ್ಟದಲ್ಲಿ ಮೊದಲ ವಾರ 35 ಡಿಗ್ರಿ, ಎರಡನೆಯ ವಾರ 32, ಮೂರನೆಯ ವಾರ 29, ನಾಲ್ಕನೆಯ ವಾರ 26, ಐದನೆಯ ವಾರ 23 ಡಿಗ್ರಿ ಇರಬೇಕೆಂಬುದು ಎಲ್ಲ ಕಡೆ ಒಪ್ಪಿದ ಲೆಕ್ಕ. ವಾರಕ್ಕೆ ಮೂರು ಡಿಗ್ರಿ ಇಳಿಸುವುದು ಎಂದು ನೆನಪಿಟ್ಟುಕೊಂಡರೆ ಸಾಕು. ಐದಾರು ವಾರಕ್ಕೆ ಪುಕ್ಕ ತುಂಬಿ ಬಂದರೆ ಕಾವಿನ ಕೆಲಸ ಮುಗಿಯಿತು. ಮಾಗಿಯಲ್ಲೂ ನಮ್ಮಲ್ಲಿ ಹಗಲು ಬಿಸಿಲು ಚೆನ್ನಾಗಿರುತ್ತದೆ. ಹೀಗಾಗಿ ಎರಡು ವಾರ ಕಳೆದ ಮೇಲೆ ಬಿಸಿಲಿರುವ ಮಧ್ಯಾಹ್ನ ಕಾವು ಬೇಕಾಗುವುದೇ ಅಪರೂಪ.

ಅಂದರೆ ನಮಗೆ ಕಾವು ಬೇಕಿರುವುದು ವರ್ಷವಿಡೀ ಅಲ್ಲ, ಎಲ್ಲ ಕೋಳಿಗೂ ಅಲ್ಲ. ಒಂದು ತಂಡದ ಮರಿಗೆ ಒಂದು ತಿಂಗಳ ರಾತ್ರಿಗಳಿಗೆ. ಇಷ್ಟು ಸಣ್ಣ ಅವಧಿಗೆ ಇಡೀ ಮನೆಯನ್ನು ಪಣಕ್ಕಿಡುವುದು ಏಕೆ?

ಉಷ್ಣಮಾಪಕ ಇಲ್ಲದವರು ಮರಿಗಳನ್ನೇ ನೋಡಬಹುದು. ಕಾವಿನ ಕೆಳಗೆ ಒತ್ತೊತ್ತಾಗಿ ಬಿದ್ದು ಚೀಂಗುಟ್ಟುತ್ತಿದ್ದರೆ ಚಳಿ. ದೂರ ಸರಿದು ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಿಂದ ಗಾಳಿ ಬೀಸುತ್ತಿದೆ. ಅಲ್ಲಲ್ಲಿ ಹರಡಿಕೊಂಡು ತಿನ್ನುತ್ತಾ, ಮಲಗುತ್ತಾ ಇದ್ದರೆ ಎಲ್ಲವೂ ಸರಿ.

ಬೆಂಕಿಯಿಲ್ಲದ ಕಾವು

ಮೊದಲನೆಯದು ತಾಯಿ ಕೋಳಿ. ಗಿರಿರಾಜ, ಸ್ವರ್ಣಧಾರಾ ಮುಂತಾದ ಸುಧಾರಿತ ತಳಿಗಳ ಹೇಂಟೆಗಳು ಕಾವಿಗೆ ಕೂರುವುದಿಲ್ಲವೆಂದೇ ಹೇಳಬೇಕು. ಆದರೆ ನಾಟಿ ಹೇಂಟೆ ಬೇರೆಯವರ ಮರಿಯನ್ನೂ ಸಾಕುತ್ತದೆ. ಮರಿ ತರುವ ದಿನ ಗೊತ್ತಿದ್ದರೆ ಒಂದೆರಡು ವಾರ ಮುಂಚೆಯೇ ಹೇಂಟೆಯನ್ನು ನಾಲ್ಕಾರು ಮೊಟ್ಟೆಯ ಮೇಲೆ ಕೂರಿಸಿಡಿ. ಮರಿ ಬಂದ ದಿನ ಕತ್ತಲಾದ ಮೇಲೆ, ಸದ್ದು ಮಾಡದೆ, ಮೊಟ್ಟೆ ತೆಗೆದು ಮರಿಗಳನ್ನು ಒಂದೊಂದಾಗಿ ರೆಕ್ಕೆಯಡಿಗೆ ಸೇರಿಸಿ. ಬೆಳಗಿನ ಜಾವ ಹೋಗಿ ನೋಡಿ. ಕುಕ್ಕದೆ ಒಳಗೆ ಕರೆದುಕೊಂಡಿದ್ದರೆ ಗೆದ್ದಿರಿ. ಕುಕ್ಕಿದರೆ ತಡಮಾಡದೆ ತೆಗೆಯಬೇಕು. ಚಳಿಗಾಲದಲ್ಲಿ ಒಂದು ಹೇಂಟೆಗೆ 10-12 ಮರಿ ಸಾಕು, ಹೆಚ್ಚಾದರೆ ಅಂಚಿನ ಮರಿಗೆ ರೆಕ್ಕೆ ಸಿಗುವುದಿಲ್ಲ. ಎರಡು ಮೂರು ಹೇಂಟೆ ಕೂತಿದ್ದರೆ 30 ಮರಿಗೆ ಬಲ್ಬೇ ಬೇಡ. ಹೆಂಡತಿ ಅಂದು ಹೇಳಿದ್ದು ಇದನ್ನೇ. ಈಗ ನಮ್ಮ ಮನೆಯಲ್ಲಿ ಮರಿ ತರುವುದು ಹೇಂಟೆಯ ಲೆಕ್ಕ ನೋಡಿಯೇ.

ಎರಡನೆಯದು ಬಿಸಿನೀರಿನ ಕ್ಯಾನು. ನಮ್ಮ ಮನೆಗಳಲ್ಲಿ ಬಚ್ಚಲ ಹಂಡೆ ಆರಿದ ದಿನವಿಲ್ಲ. ಬಿಗಿಯಾದ ಮುಚ್ಚಳವಿರುವ 5 ಲೀಟರಿನ ಹಾಲಿನ ಕ್ಯಾನಿಗೆ ಬಿಸಿನೀರು ತುಂಬಿ, ಗೋಣಿತಾಟನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ, ಮರಿಗಳ ನಡುವೆ ಇಡಿ. ಇದು ಅಜ್ಜಿಯ ಕಾಲದ ಉಪಾಯವೆಂದು ನಗಬೇಡಿ, ಲೆಕ್ಕ ಹಾಕಿ ನೋಡಿ. 5 ಲೀಟರು ನೀರು 80 ಡಿಗ್ರಿಯಿಂದ 40 ಡಿಗ್ರಿಗೆ ಆರುವಷ್ಟರಲ್ಲಿ ಬಿಡುವ ಶಾಖ ಸುಮಾರು 230 ವಾಟ್-ಗಂಟೆ. ಅಂದರೆ 60 ವಾಟಿನ ಬಲ್ಬು ಹತ್ತಿರ ಹತ್ತಿರ ನಾಲ್ಕು ಗಂಟೆ ಉರಿದಷ್ಟು. ಕರೆಂಟು ಹೋದರೂ ಇದು ಆರುವುದಿಲ್ಲ. ಮುಖ್ಯವಾಗಿ, ನೀರು ಎಷ್ಟೇ ಕುದಿದರೂ 100 ಡಿಗ್ರಿ ದಾಟುವುದಿಲ್ಲ. ಒಣ ಹೊಟ್ಟು, ಗೋಣಿ ಹತ್ತಿಕೊಳ್ಳಲು ಅದರ ಎರಡು ಪಟ್ಟಾದರೂ ಬಿಸಿ ಬೇಕು. ಆದ್ದರಿಂದ ಕ್ಯಾನು ಮಗುಚಿದರೆ ಹಾಸು ನೆನೆದೀತೇ ಹೊರತು ಮನೆ ಉರಿಯದು.

ಮಣ್ಣಿನ ಮಡಕೆ ಬೆವರಿ ಹಾಸು ಒದ್ದೆ ಮಾಡುತ್ತದೆ. ತೆಳುವಾದ ಪ್ಲಾಸ್ಟಿಕ್ ಕ್ಯಾನು ಬಿಸಿಗೆ ಸೊಟ್ಟಗಾಗುತ್ತದೆ. ಲೋಹದ ಕ್ಯಾನೇ ಒಳ್ಳೆಯದು. ಕೈಯಿಟ್ಟು ನೋಡಿ, ಗೋಣಿಯ ಹೊರಮೈ ಹಿತವಾಗಿ ಬೆಚ್ಚಗಿರಬೇಕು, ಸುಡಬಾರದು.

ಈ ಕ್ಯಾನು ಬಯಲಿನಲ್ಲಿಟ್ಟರೆ ಪ್ರಯೋಜನವಿಲ್ಲ. 25 ಮರಿಗಳಿಗೆ ಎರಡಡಿ ಉದ್ದ, ಎರಡಡಿ ಅಗಲ, ಒಂದಡಿ ಎತ್ತರದ ಮರದ ಪೆಟ್ಟಿಗೆ ಮಾಡಿ. ಮೇಲೆ ಹಲಗೆ, ಹಲಗೆಯ ಮೇಲೆ ಹಳೆಯ ಕಂಬಳಿ. ಮುಂದುಗಡೆ ಬಾಗಿಲಿಗೆ ಗೋಣಿಯ ಪಟ್ಟಿ ಸೀಳಿ ಇಳಿಬಿಡಿ, ಮರಿ ನುಸುಳಿ ಹೊರಗೆ ಬಂದು ತಿಂದು ಒಳಗೆ ಹೋಗುತ್ತದೆ. ಮೇಲ್ಗಡೆ ಒಂದು ಇಂಚು ಗಾಳಿಗೆ ಬಿಟ್ಟಿರಬೇಕು. ಇಷ್ಟು ಚಿಕ್ಕ ಜಾಗದಲ್ಲಿ ಕ್ಯಾನಿನ ಕಾವಿನ ಜತೆಗೆ ಮರಿಗಳ ಮೈ ಕಾವೂ ಉಳಿಯುತ್ತದೆ. ಮೊದಲ ವಾರ ರಾತ್ರಿ ಒಂಬತ್ತಕ್ಕೆ ತುಂಬಿದ್ದನ್ನು ಒಂದು ಗಂಟೆಗೆ, ಮತ್ತೆ ಐದಕ್ಕೆ ಬದಲಿಸಬೇಕು. ನಿದ್ದೆ ಕೆಡುತ್ತದೆ, ನಿಜ. ಎರಡನೆಯ ವಾರ ಕಳೆದರೆ ರಾತ್ರಿಗೊಂದು ಸಲ ಬದಲಿಸಿದರೆ ಸಾಕಾಗುತ್ತದೆ. ಮರಿ ಬೆಳೆದಂತೆ ಪೆಟ್ಟಿಗೆಯ ಜಾಗ ಹೆಚ್ಚಿಸಬೇಕು.

ಮೂರನೆಯದು ಬಚ್ಚಲಿನ ಗೋಡೆ. ಬಚ್ಚಲೊಲೆಯ ಹಿಂದಿನ ದಪ್ಪ ಮಣ್ಣಿನ ಅಥವಾ ಕಲ್ಲಿನ ಗೋಡೆ ರಾತ್ರಿ ಬಹಳ ಹೊತ್ತು ಬೆಚ್ಚಗಿರುತ್ತದೆ. ಆ ಗೋಡೆಯ ಹೊರಮೈಗೆ ಮರಿಗಳ ಗೂಡನ್ನು ಒರಗಿಸಿದರೆ ಕಾವು ಗೋಡೆ ದಾಟಿ ಬರುತ್ತದೆ, ಬೆಂಕಿ ದಾಟಿ ಬರುವುದಿಲ್ಲ. ಆದರೆ ಗೋಡೆಯಲ್ಲಿ ಬಿರುಕು, ಕಿಂಡಿ ಇರಬಾರದು. ಹೊಗೆ ಹೋಗುವ ದಾರಿಯ ಹತ್ತಿರ ಇರಬಾರದು. ಗೂಡಿನ ಮಾಡು ಹೆಂಚಿನದೋ ತಗಡಿನದೋ ಆಗಿರಬೇಕು, ಸೋಗೆಯದಲ್ಲ. ಒಲೆಯ ಕಿಡಿಗೆ ಸೋಗೆ ಕಾದು ಕೂತಿರುತ್ತದೆ.

ಬಲ್ಬೇ ಬೇಕೆಂದರೆ

50-100 ಮರಿ ತರುವವರಿಗೆ ಹೇಂಟೆಯೂ ಕ್ಯಾನೂ ಸಾಲದು. ಬಲ್ಬು ಹಾಕಿ, ಆದರೆ ಈ ಕಟ್ಟಳೆಗಳೊಡನೆ ಹಾಕಿ.

ಮರಿಯೊಂದಕ್ಕೆ ಎರಡು ವಾಟು ಎಂಬುದು ರೂಢಿಯ ಲೆಕ್ಕ. 50 ಮರಿಗೆ 100 ವಾಟು. ನಮ್ಮ ಮಾಗಿಗೆ ಸ್ವಲ್ಪ ಹೆಚ್ಚು ಬೇಕಾಗಬಹುದು. ಒಂದೇ ದೊಡ್ಡ ಬಲ್ಬಿಗಿಂತ ಎರಡು ಮೂರು 60 ವಾಟಿನ ಬಲ್ಬು ಮೇಲು. ಒಂದು ಹೋದರೆ ಇನ್ನೊಂದಿರುತ್ತದೆ, ಬೇಡವೆನಿಸಿದಾಗ ಒಂದನ್ನು ಆರಿಸಬಹುದು. ಹಳೆಯ ತಂತಿ ಬಲ್ಬು ಅಂಗಡಿಯಲ್ಲಿ ಈಗ ಮೊದಲಿನಷ್ಟು ಸಿಗುವುದಿಲ್ಲ. ಎಲ್.ಇ.ಡಿ. ಬಲ್ಬು ಬೆಳಕು ಕೊಟ್ಟೀತೇ ಹೊರತು ಮರಿಗೆ ಸಾಲುವ ಕಾವು ಕೊಡದು. ಹೀಗಾಗಿಯೇ ಸದಸ್ಯರು 250 ವಾಟಿನ ಕೆಂಪು ಬಲ್ಬಿನ ಕಡೆಗೆ ತಿರುಗುತ್ತಿದ್ದಾರೆ. ಅದರ ಬಿಸಿ ನೆಟ್ಟಗೆ ಕೆಳಗೆ ಬೀಳುತ್ತದೆ. ಹತ್ತಿರ ಬಂದ ಒಣ ಹಾಸನ್ನು ಸುಡಲು ಅದು ಮುಟ್ಟಲೂ ಬೇಕಿಲ್ಲ. 25 ಮರಿಗೆ ಅದು ಬೇಡವೇ ಬೇಡ. ಕಾಲುಗಳಿರುವ, ಮರಿ ಕೆಳಗೆ ನುಸುಳುವಂಥ ಕಾವು ತಟ್ಟೆಗಳೂ ಈಗ ಬಂದಿವೆ. ಅವುಗಳ ಮೈ ಬಲ್ಬಿನಷ್ಟು ಬಿಸಿಯಾಗುವುದಿಲ್ಲ, ಕರೆಂಟೂ ಕಡಿಮೆ. ಕೈಯಲ್ಲಿ ದುಡ್ಡಿದ್ದವರು ಅದನ್ನು ತರುವುದು ಒಳ್ಳೆಯದು.

ಬಲ್ಬನ್ನು ಅದರ ವೈರಿನಿಂದಲೇ ತೂಗುಹಾಕಬಾರದು. ಪ್ಲಾಸ್ಟಿಕ್ ಹಗ್ಗ, ಬಾಳೆ ನಾರು, ಸುತಲಿ ದಾರ ಯಾವುದೂ ಬೇಡ. ಕಬ್ಬಿಣದ ಸರಪಳಿ ಒಂದು, ಅದು ಕಳಚಿದರೂ ಹಿಡಿದುಕೊಳ್ಳಲು ಬೇರೆ ಮೊಳೆಗೆ ಕಟ್ಟಿದ ಜಿ.ಐ. ತಂತಿ ಇನ್ನೊಂದು. ಎರಡೂ ಬೇಕು.

ಹೋಲ್ಡರು ಪಿಂಗಾಣಿಯದಾಗಿರಲಿ. ಬಲ್ಬಿನ ಸುತ್ತ ತಂತಿಯ ಪಂಜರವಿರಲಿ. ಬಿದ್ದರೂ ಗಾಜು ನೆಟ್ಟಗೆ ಹೊಟ್ಟಿಗೆ ತಾಗಬಾರದು. ಮೇಲೆ ಅಗಲವಾದ ತಗಡಿನ ಮುಚ್ಚಳವಿದ್ದರೆ ಕಾವು ಸೂರಿಗೆ ಹೋಗದೆ ಮರಿಗೆ ಸಿಗುತ್ತದೆ.

ಹಾಸಿನಿಂದ ಬಲ್ಬಿಗೆ ಒಂದೂವರೆ ಅಡಿ ಅಂತರ. ಇದು ಲಕ್ಷ್ಮಣರೇಖೆ. ಚಳಿ ಸಾಲದೆಂದರೆ, ವೋಲ್ಟೇಜು ಇಳಿದರೆ, ಬಲ್ಬನ್ನು ಇಳಿಸಬಾರದು. 230 ವೋಲ್ಟ್ ಇರಬೇಕಾದ್ದು 180ಕ್ಕೆ ಇಳಿದರೆ ಬಲ್ಬಿನ ಕಾವು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಆಗ ಇನ್ನೊಂದು ಬಲ್ಬು ಹತ್ತಿಸಿ, ಇಲ್ಲವೇ ಬಿಸಿನೀರಿನ ಕ್ಯಾನು ಇಡಿ, ಸುತ್ತುಗಟ್ಟನ್ನು ಚಿಕ್ಕದು ಮಾಡಿ. ಇಳಿಸಿದ ಬಲ್ಬು ನಡುರಾತ್ರಿ ವೋಲ್ಟೇಜು ಏರಿದಾಗ ಏನು ಮಾಡುತ್ತದೆಂಬುದನ್ನು ಮೇಲೆ ಹೇಳಿದ್ದೇನೆ.

ಸುತ್ತುಗಟ್ಟಿಗೆ ಒಂದೂವರೆ ಅಡಿ ಎತ್ತರದ ತಗಡು ಬಳಸಿ, ದುಂಡಗಿರಲಿ. ಮೂಲೆಯಿದ್ದರೆ ಮರಿ ಒತ್ತಿಕೊಂಡು ಸಾಯುತ್ತವೆ. 50 ಮರಿಗೆ ನಾಲ್ಕೈದು ಅಡಿ ಅಡ್ಡಗಲ ಸಾಕು. ಮರಿಗೆ ಹಾಸು ಎರಡು ಇಂಚಿಗಿಂತ ಹೆಚ್ಚು ಬೇಡ. ಬಲ್ಬಿನ ಸರಿಯಾಗಿ ಕೆಳಗೆ ಒಂದು ಚಪ್ಪಡಿ ಕಲ್ಲನ್ನೋ ಎರಡು ಹೆಂಚನ್ನೋ ಹಾಕಿ ಅದರ ಮೇಲೆ ತೆಳುವಾಗಿ ಹೊಟ್ಟು ಉದುರಿಸಿದರೆ ಇನ್ನೂ ಭದ್ರ. ಗೋಣಿತಾಟು ಗೂಡಿನ ಹೊರಗೋಡೆಗೆ ಮಾತ್ರ. ಬಲ್ಬಿನ ಹತ್ತಿರ ಇಳಿಬಿಡಬಾರದು.

ಕೋಳಿ ತಿಂಡಿಯಿದ್ದಲ್ಲಿ ಇಲಿ ಇದ್ದೇ ಇರುತ್ತದೆ, ಇಲಿ ವೈರು ಕಡಿಯುತ್ತದೆ. ವೈರನ್ನು ಪೈಪಿನೊಳಗೆ ಎಳೆಯಿರಿ. ತಿರುಚಿ ಟೇಪು ಸುತ್ತಿದ ಜಾಯಿಂಟು ಗೂಡಿನೊಳಗೆ ಒಂದೂ ಇರಬಾರದು. ಸಡಿಲ ಜಾಯಿಂಟೇ ಒಂದು ಸಣ್ಣ ಒಲೆ. ಸ್ವಿಚ್ಚು ಗೂಡಿನ ಹೊರಗೆ ಕೈಗೆ ಸಿಗುವಲ್ಲಿರಲಿ. ಬಲ್ಬಿನ ಮೇಲಿನ ಜೇಡರ ಬಲೆ, ಧೂಳನ್ನು ವಾರಕ್ಕೊಮ್ಮೆ ಬಲ್ಬು ಆರಿಸಿ, ತಣ್ಣಗಾದ ಮೇಲೆ ಒರೆಸಿ.

ಕೆಂಡವೂ ಬೇಡ, ಬುಡ್ಡಿಯೂ ಬೇಡ

ಇದ್ದಲಿನ ಅಗ್ಗಿಷ್ಟಿಕೆ, ಸೀಮೆಎಣ್ಣೆ ಬುಡ್ಡಿ, ಮೇಣದ ಬತ್ತಿ ಇವುಗಳನ್ನು ಗೂಡಿನೊಳಗೆ ಇಡಲೇಬೇಡಿ. ಮಗುಚುವ ಭಯ ಒಂದು. ಅದಕ್ಕಿಂತ ದೊಡ್ಡದು ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಗೂಡಿನಲ್ಲಿ ಕೋಳಿ ನಿದ್ದೆಯಲ್ಲೇ ಸಾಯುತ್ತದೆ. ಗೂಡು ಮಲಗುವ ಕೋಣೆಗೆ ತಾಗಿದ್ದರೆ ಅಪಾಯ ಕೋಳಿಗೆ ಮಾತ್ರವಲ್ಲ. ಚಳಿಗೆ ಮನೆಯೊಳಗೇ ಮರಿ ಬುಟ್ಟಿ ಇಟ್ಟುಕೊಂಡು, ಪಕ್ಕದಲ್ಲಿ ಕೆಂಡವಿಟ್ಟು, ಬಾಗಿಲು ಹಾಕಿ ಮಲಗುವ ಅಭ್ಯಾಸ ನಮ್ಮ ಲೈನ್ ಮನೆಗಳಲ್ಲಿದ್ದರೆ ಅದನ್ನು ಇಂದೇ ಬಿಡಿಸಬೇಕು. ಅಲ್ಲಿ ಮಕ್ಕಳೂ ಮಲಗುತ್ತಾರೆ. ಕೆಲಸದವರಿಗೆ ಇದನ್ನು ತಿಳಿಯುವ ಹಾಗೆ ಹೇಳುವುದು ತೋಟದ ಯಜಮಾನರ ಜವಾಬ್ದಾರಿ. ಹೇಳಿದರೆ ಸಾಲದು, ಒಂದು ಹಾಲಿನ ಕ್ಯಾನನ್ನೂ ಕೊಡಿ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರಿನ ಚಳಿ ಒದ್ದೆ ಚಳಿ. ಆಗ ಹಾಸು ಒಣಗಿರುವುದೇ ಕಷ್ಟ, ಬೆಂಕಿಗಿಂತ ಶಾಕಿನ ಭಯ ಹೆಚ್ಚು. ಒದ್ದೆ ಗೋಡೆ, ತಗಡಿನ ಮಾಡು, ತಂತಿ ಬಲೆ ಎಲ್ಲದರಲ್ಲೂ ಕರೆಂಟು ಇಳಿಯಬಹುದು. ಗೂಡಿಗೆ ಹೋಗುವ ಲೈನಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸುವುದು ಕಡ್ಡಾಯವೆಂದೇ ತಿಳಿಯಿರಿ. ಅದು ಶಾಕಿನಿಂದ ಜೀವ ಉಳಿಸುತ್ತದೆ; ಬಲ್ಬು ಹೊಟ್ಟಿಗೆ ಬಿದ್ದದ್ದನ್ನು ಮಾತ್ರ ಅದೂ ಅರಿಯದು. ಸೋರುವ ಹನಿ ಬಿಸಿ ಬಲ್ಬಿನ ಮೇಲೆ ಬಿದ್ದರೆ ಗಾಜು ಸಿಡಿಯುತ್ತದೆ, ಆದ್ದರಿಂದ ಮಾಡು ನೋಡಿಕೊಂಡು ಬಲ್ಬು ಹಾಕಿ. ಸಾಧ್ಯವಿದ್ದವರು ಮರಿ ತರುವುದನ್ನೇ ಫೆಬ್ರವರಿ-ಮಾರ್ಚಿಗೆ ಇಟ್ಟುಕೊಳ್ಳುವುದು ಉತ್ತಮ. ಆಗ ಕಾವಿನ ಅರ್ಧ ಕೆಲಸವನ್ನು ಬಿಸಿಲೇ ಮಾಡುತ್ತದೆ, ಕಣವೂ ಖಾಲಿಯಾಗಿರುತ್ತದೆ, ಮಳೆ ಹಿಡಿಯುವ ಹೊತ್ತಿಗೆ ಮರಿಗೆ ಪುಕ್ಕ ಬಂದಿರುತ್ತದೆ.

ಗೂಡಿನ ಜಾಗ

ಎಷ್ಟೇ ಎಚ್ಚರವಿದ್ದರೂ ತಪ್ಪು ಆಗುತ್ತದೆ. ಒಂದು ತಪ್ಪಿಗೆ ಎಷ್ಟು ಹೋಗಬೇಕು ಎಂಬುದನ್ನು ನಿರ್ಧರಿಸುವುದು ಜಾಗ. ನನ್ನ ಗೂಡು ಅಡಿಕೆ ಮನೆಯಿಂದ 30 ಅಡಿ ದೂರವಿದ್ದಿದ್ದರೆ 60 ಮರಿಯಷ್ಟೇ ಹೋಗುತ್ತಿತ್ತು. ಬಲ್ಬು ಉರಿಯುವ ಗೂಡು ಕಾಫಿ ಗೋದಾಮು, ಅಡಿಕೆ ಮನೆ, ಹುಲ್ಲು ಬಣವೆ, ಕೊಟ್ಟಿಗೆ ಯಾವುದಕ್ಕೂ ತಾಗಿರಬಾರದು. ಸುತ್ತಮುತ್ತ ಹೊಟ್ಟಿನ ರಾಶಿ, ಸೋಗೆ ಕಟ್ಟು ಇರಬಾರದು. ಬಾಗಿಲು ಹೊರಗಿನಿಂದ ಒಂದೇ ಎಳೆತಕ್ಕೆ ತೆರೆಯುವಂತಿರಲಿ. ಪಕ್ಕದಲ್ಲಿ ಎರಡು ಬಕೆಟು ಮರಳು, ಒಂದು ಡ್ರಮ್ಮು ನೀರು ಸದಾ ಇರಲಿ.

ಹತ್ತಿಕೊಂಡರೆ ಮೊದಲ ಕೆಲಸ ಸ್ವಿಚ್ಚು ಆರಿಸುವುದು. ಕರೆಂಟಿರುವಾಗ ನೀರು ಎರಚಬಾರದು. ಎರಡನೆಯದು ದನಕರುವಿನ ಹಗ್ಗ ಕೊಯ್ಯುವುದು. ಬಿಚ್ಚಲು ಹೋಗಬೇಡಿ, ಕೊಟ್ಟಿಗೆಯ ಬಾಗಿಲಲ್ಲಿ ಒಂದು ಕತ್ತಿ ಸಿಕ್ಕಿಸಿಟ್ಟಿರಿ. ಅಗ್ನಿಶಾಮಕ ದಳಕ್ಕೆ 101 ಅಥವಾ 112. ಆದರೆ ತಾಲ್ಲೂಕು ಕೇಂದ್ರದಿಂದ ನಮ್ಮ ಘಾಟಿ ದಾರಿಯಲ್ಲಿ ಬಂಡಿ ಬರುವಷ್ಟರಲ್ಲಿ ಸೋಗೆ ಮಾಡು ಉಳಿದಿರುವುದಿಲ್ಲ ಎಂಬುದನ್ನು ತಿಳಿದೇ ಇರಬೇಕು. ಕೊಳೆರೋಗ ಬಂದ ಮೇಲೆ ಬೋರ್ಡೋ ಹೊಡೆದು ಪ್ರಯೋಜನವಿಲ್ಲವೆಂಬುದು ನಮಗೆಲ್ಲ ಗೊತ್ತಿರುವ ಪಾಠ. ಬೆಂಕಿಗೂ ಅದೇ ಪಾಠ.

ಕೊನೆಯದಾಗಿ

ಕಾಫಿ, ಅಡಿಕೆಯ ದುಡ್ಡು ಗಂಡಸರ ಕೈಗೆ ಬಂದು ಬ್ಯಾಂಕಿಗೆ, ಸಂಘಕ್ಕೆ ಹೋಗುತ್ತದೆ. ಕೋಳಿ, ಮೊಟ್ಟೆಯ ದುಡ್ಡು ಮನೆಯ ಹೆಂಗಸರ ಕೈಯಲ್ಲಿ ಉಳಿಯುತ್ತದೆ; ಮಕ್ಕಳ ಪುಸ್ತಕಕ್ಕೆ, ತವರಿಗೆ ಹೋಗಿ ಬರುವ ಖರ್ಚಿಗೆ, ಹಬ್ಬದ ಸೀರೆಗೆ ಅದೇ ಆಧಾರ. ಆದ್ದರಿಂದ ಹೆದರಿ ಕೋಳಿ ಸಾಕುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಮುಂದಿನ ವರ್ಷವೇ ಮತ್ತೆ ಮರಿ ಬಂದವು. ಸುಟ್ಟ ಕೈಯವಳೇ ಹಟ ಹಿಡಿದು ತರಿಸಿದಳು. ಗೂಡು ಮಾತ್ರ ಈಗ ಬಚ್ಚಲಿನ ಗೋಡೆಯ ಪಕ್ಕದಲ್ಲಿದೆ, ತಗಡಿನ ಮಾಡು, ಒಳಗೆ ಎರಡು ಹಾಲಿನ ಕ್ಯಾನು.

ಸದಸ್ಯರಲ್ಲಿ ಒಂದೇ ವಿನಂತಿ. ಈ ಪತ್ರಿಕೆ ಕೆಳಗಿಟ್ಟು, ಇಂದು ಸಂಜೆಯೇ ಟಾರ್ಚು ಹಿಡಿದು ಗೂಡಿಗೆ ಹೋಗಿ. ಬಲ್ಬು ಯಾವುದರಿಂದ ತೂಗುತ್ತಿದೆ, ಹಾಸಿನಿಂದ ಎಷ್ಟು ದೂರವಿದೆ, ಪಕ್ಕದ ಗೋಡೆಯಾಚೆ ಏನಿದೆ ಎಂದು ನೋಡಿ. ಜತೆಗೆ ಮನೆಯವರನ್ನೂ ಕರೆದುಕೊಂಡು ಹೋಗಿ, ಅವರ ಮಾತನ್ನು ಕೇಳಿ. ಕಾವು ಕೊಡುವ ಬೇರೆ ಉಪಾಯ ನಿಮ್ಮಲ್ಲಿದ್ದರೆ ಕಚೇರಿಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ತಿಳಿಸೋಣ.

— ಕಾರ್ಯದರ್ಶಿ